ಬಳೆಗಾರ ಗುಂಡು, ಅಕ್ಷರ ಗುಂಡು ಮತ್ತು ನೂರು ಮೀಟರು

ಮೊಳಕಾಲ್ಮೂರು ತಾಲ್ಲೂಕಿನ ಜಟಿಂಗ ರಾಮೇಶ್ವರ ಬೆಟ್ಟದ ಮೇಲೆ, ದೇವಸ್ಥಾನದ ಮೆಟ್ಟಿಲುಗಳ ಎದುರಿಗೆ ಒಂದು ಹಾಸುಬಂಡೆಯಿದೆ. ಅದರ ಹೆಸರು ಬಳೆಗಾರ ಗುಂಡು. ಜಾತ್ರೆಗೆ ಬರುತ್ತಿದ್ದ ಬಳೆಗಾರರು ಹೆಗಲ ಮಲಾರ ಇಳಿಸಿ ಅಂಗಡಿ ಹೂಡುತ್ತಿದ್ದದ್ದು ಅದರ ಮೇಲೆಯೇ ಆದ್ದರಿಂದ ಆ ಹೆಸರು ಬಂತು. ಅವರು ಕುಳಿತು, ಗಿರಾಕಿಗಳು ನಿಂತು, ಹರಕೆ ಹೊತ್ತವರು ಹತ್ತಿಳಿದು ಆ ಬಂಡೆ ಎಷ್ಟು ಸವೆದಿದೆಯೆಂದರೆ, ಅದರ ಮೈಮೇಲೆ ಎರಡು ಸಾವಿರದ ಇನ್ನೂರು ವರ್ಷಗಳಿಗೂ ಹಿಂದೆ ಕೊರೆದ ಅಶೋಕನ ಶಾಸನದ ಅಕ್ಷರಗಳು ಈಗ ಬಹುಪಾಲು ಅಳಿಸಿಹೋಗಿವೆ. ಇಳಿಬಿಸಿಲಿನಲ್ಲಿ ಬಂಡೆಯ ಮಟ್ಟಕ್ಕೆ ಕಣ್ಣು ತಂದು ಓರೆಯಾಗಿ ನೋಡಿದಾಗ ಮಾತ್ರ ಅಲ್ಲೊಂದು ಇಲ್ಲೊಂದು ಗೀಟು ಎದ್ದು ಕಾಣುತ್ತದೆ.

ಅಲ್ಲಿಂದ ಕೆಲವೇ ಮೈಲಿ ದೂರದ ಬ್ರಹ್ಮಗಿರಿಯ ಬುಡದಲ್ಲಿಯೂ ಅದೇ ಶಾಸನದ ಇನ್ನೊಂದು ಪ್ರತಿಯಿದೆ. ಆ ಬಂಡೆಯನ್ನು ಜನ ಅಕ್ಷರ ಗುಂಡು ಎಂದು ಕರೆಯುತ್ತಾರೆ. ಹದಿಮೂರು ಸಾಲುಗಳ ಆ ಬರಹ ಇವತ್ತಿಗೂ ಓದಲು ಬರುವಷ್ಟು ಉಳಿದಿದೆ. ಮೂರನೆಯ ಪ್ರತಿ ಇರುವುದು ಸಿದ್ದಾಪುರದಲ್ಲಿ, ಆ ಬಂಡೆಗೆ ಎಮ್ಮೆ ಕಾಯುವವನೊಬ್ಬನ ಹೆಸರಿದೆ. 1892ರಲ್ಲಿ ಶಾಸನತಜ್ಞ ಬಿ. ಎಲ್. ರೈಸ್ ಅವರು ಈ ಮೂರನ್ನೂ ಗುರುತಿಸಿ ಲೋಕಕ್ಕೆ ತಿಳಿಸಿದರು. ಅದಕ್ಕೂ ಮೊದಲು ಇಲ್ಲಿನ ಕುರಿಗಾಹಿಗಳಿಗೆ ಅದರಲ್ಲಿ ಏನು ಬರೆದಿದೆ ಎಂಬುದು ತಿಳಿದಿರಲಿಲ್ಲ, ಆದರೆ ಅದು ಅಕ್ಷರ ಎಂಬುದು ತಿಳಿದಿತ್ತು. ಕೆಲವು ವರ್ಷಗಳ ಹಿಂದೆ ಆ ಬೆಟ್ಟದ ಬುಡದಲ್ಲಿ ನನಗೆ ಸಿಕ್ಕ ಅಜ್ಜನೊಬ್ಬ ಹೇಳಿದ್ದು ಇಷ್ಟೇ: "ಅಕ್ಷರ ಇರೋ ಕಲ್ಲು ಕಣಪ್ಪ, ಅದರ ಮೇಲೆ ಕುಂದರಬಾರದು." ಒಂದು ಬಂಡೆಯನ್ನು ಜನ ಯಾವ ಹೆಸರಿನಿಂದ ಕರೆದರು ಎಂಬುದರ ಮೇಲೆಯೇ ಅದರ ಹಣೆಬರಹ ನಿಂತಿತೇನೋ ಎಂದು ನನಗೆ ಆ ಕ್ಷಣದಲ್ಲಿ ಅನ್ನಿಸಿತು, ಈಗಲೂ ಹಾಗೆಯೇ ಅನ್ನಿಸುತ್ತದೆ.

ನಾನು ಚಿತ್ರದುರ್ಗದಲ್ಲಿ ಪರವಾನಗಿ ಭೂಮಾಪಕನಾಗಿ ಕೆಲಸ ಮಾಡುವವನು. ಪೋಡಿ (ಜಮೀನನ್ನು ಪಾಲು ಮಾಡಿ ಅಳೆಯುವುದು), ಹದ್ದುಬಸ್ತು (ಗಡಿ ಗುರುತಿಸುವುದು), ಹನ್ನೊಂದು ಇ ನಕ್ಷೆ (ಜಮೀನಿನ ಒಂದು ಭಾಗವನ್ನು ಮಾರುವ ಮೊದಲು ಬೇಕಾದ ನಕ್ಷೆ), ಇವೇ ನನ್ನ ದಿನನಿತ್ಯದ ಕೆಲಸ. ಜಿಲ್ಲೆಯ ಗುಡ್ಡಗಾಡಿನ ಹಳ್ಳಿಗಳಲ್ಲಿ ಅಳತೆಗೆ ಹೋದಾಗಲೆಲ್ಲ ಏನಾದರೊಂದು ಹಳೆಯದು ಕಾಲಿಗೆ ಸಿಕ್ಕೇ ಸಿಗುತ್ತದೆ: ಬೇಲಿಯೊಳಗೆ ವಾಲಿದ ವೀರಗಲ್ಲು, ಬಾವಿಕಟ್ಟೆಗೆ ಹಾಸಿದ ಶಾಸನದ ಕಲ್ಲು, ತಲೆಯಿಲ್ಲದ ನಂದಿ. ಆದ್ದರಿಂದ ಸಂರಕ್ಷಿತ ಸ್ಮಾರಕ ಎಂಬ ಮಾತನ್ನು ನಾನು ಇತಿಹಾಸಕಾರನಾಗಿ ಅಲ್ಲ, ಅಳತೆಗಾರನಾಗಿಯೇ ಯೋಚಿಸಬಲ್ಲೆ.

ಕಾನೂನಿನ ಕಣ್ಣಿನಲ್ಲಿ ಸಂರಕ್ಷಣೆ ಎಂದರೆ ಮೊದಲಿಗೆ ಒಂದು ಗಡಿ. 1958ರ ಪ್ರಾಚೀನ ಸ್ಮಾರಕಗಳ ಕಾಯ್ದೆಗೆ 2010ರಲ್ಲಿ ತಂದ ತಿದ್ದುಪಡಿಯಂತೆ, ಕೇಂದ್ರದ ರಕ್ಷಣೆಯಲ್ಲಿರುವ ಪ್ರತಿಯೊಂದು ಸ್ಮಾರಕದ ಸುತ್ತ 100 ಮೀಟರು ನಿಷೇಧಿತ ಪ್ರದೇಶ, ಅದರಾಚೆ ಇನ್ನೂ 200 ಮೀಟರು ನಿಯಂತ್ರಿತ ಪ್ರದೇಶ. ನಿಷೇಧಿತ ಪ್ರದೇಶದಲ್ಲಿ ಹೊಸದಾಗಿ ಕಟ್ಟುವಂತಿಲ್ಲ, ನಿಯಂತ್ರಿತ ಪ್ರದೇಶದಲ್ಲಿ ಅನುಮತಿ ಪಡೆದು ಕಟ್ಟಬಹುದು. ಇಲ್ಲಿ ಬಹಳ ಜನ ತಪ್ಪು ತಿಳಿಯುವ ಒಂದು ಸಂಗತಿಯಿದೆ. ಅಳತೆ ಗರ್ಭಗುಡಿಯ ಗೋಡೆಯಿಂದಲೋ ಗೋಪುರದಿಂದಲೋ ಶುರುವಾಗಬೇಕಾಗಿಲ್ಲ, ಸಂರಕ್ಷಿತ ಪ್ರದೇಶ ಎಂದು ಘೋಷಿಸಿದ ಜಾಗದ ಗಡಿ ಎಲ್ಲಿದೆಯೋ ಅಲ್ಲಿಂದ ಶುರುವಾಗುತ್ತದೆ. ಹರಿಹರದ ಹರಿಹರೇಶ್ವರ ದೇವಾಲಯದಂತೆ, ಹೊಯ್ಸಳ ದೊರೆ ಎರಡನೇ ನರಸಿಂಹನ ಮಂತ್ರಿ ಪೋಲಾಳ್ವ ದಂಡನಾಯಕ 13ನೇ ಶತಮಾನದ ಮೊದಲ ಭಾಗದಲ್ಲಿ ಕಟ್ಟಿಸಿದ, ಊರಿನ ನಡುವೆಯೇ ನಿಂತಿರುವ ಗುಡಿಯಾದರೆ, ಈ 100 ಮೀಟರಿನೊಳಗೆ ಬೀದಿಗಳೇ ಬೀಳುತ್ತವೆ.

ಅಂಥ ಬೀದಿಯೊಂದರಲ್ಲಿ, ಊರಿನ ಹೆಸರು ಬೇಡ, ವಯಸ್ಸಾದ ತಾಯಿಯೊಬ್ಬರ ಮಾಳಿಗೆ ಮನೆಯನ್ನು ಅಳೆಯಲು ನನ್ನನ್ನು ಕರೆದಿದ್ದರು. ಜಂತೆ ಕೊಳೆತು, ಮಳೆಗಾಲದಲ್ಲಿ ಅಡುಗೆಮನೆಯೊಳಗೆ ಮಣ್ಣು ಉದುರುತ್ತಿತ್ತು. ದೇವಸ್ಥಾನದ ಪಕ್ಕ ಎಂಬ ಕಾರಣಕ್ಕೆ ಯಾವ ಕೆಲಸವನ್ನೂ ಮಾಡುವಂತಿಲ್ಲ ಎಂದು ಯಾರೋ ಹೇಳಿದ್ದನ್ನು ನಂಬಿ ಅವರು ನಾಲ್ಕು ಮಳೆಗಾಲ ಪಾತ್ರೆ ಇಟ್ಟು ಸೋರಿಕೆ ಹಿಡಿದಿದ್ದರು. 1992ರ ಜೂನ್ 16ಕ್ಕಿಂತ ಮೊದಲೇ ಇದ್ದ ಕಟ್ಟಡದ ದುರಸ್ತಿಗೆ ಮತ್ತು ನವೀಕರಣಕ್ಕೆ ನಿಷೇಧಿತ ಪ್ರದೇಶದಲ್ಲಿಯೂ ಅರ್ಜಿ ಹಾಕಬಹುದು ಎಂದು ಅದೇ ಕಾನೂನು ಹೇಳುತ್ತದೆ. ಆ ಮಾತನ್ನು ಆ ತಾಯಿಗೆ ಹೇಳಿದವರು ಯಾರೂ ಇರಲಿಲ್ಲ. ಟ್ರಂಕಿನ ತಳದಿಂದ ಅವರು ತೆಗೆದುಕೊಟ್ಟ, ಅವರ ಯಜಮಾನರ ಹೆಸರಿನ ಹಳೆಯ ಮನೆಗಂದಾಯದ ರಶೀದಿ ಆ ಮನೆಯ ವಯಸ್ಸಿಗೆ ಸಾಕ್ಷಿಯಾಯಿತು. ಅನುಮತಿ ಬಂದಾಗ ಇನ್ನೊಂದು ಮಳೆಗಾಲ ಕಳೆದಿತ್ತು. ಸ್ಮಾರಕದ ಮೇಲೆ ನೆರೆಯವರಿಗೆ ಸಿಟ್ಟು ಹುಟ್ಟುವುದು ಕಾನೂನು ಬಿಗಿಯಾಗಿದೆ ಎಂಬುದಕ್ಕಲ್ಲ, ಅದನ್ನು ಅವರಿಗೆ ಅರ್ಧ ಮಾತ್ರ ಹೇಳಿರುವುದಕ್ಕೆ. ಸ್ಮಾರಕದ ಬಾಗಿಲಿನಲ್ಲಿರುವ ನೀಲಿ ಫಲಕ ದಂಡ ಎಷ್ಟು, ಜೈಲು ಎಷ್ಟು ಎಂದು ಬರೆಯುತ್ತದೆ. ನಿಮ್ಮ ಮನೆ ಸೋರಿದರೆ ಏನು ಮಾಡಬೇಕು ಎಂಬುದನ್ನೂ ಅದರ ಕೆಳಗೆ ಎರಡು ಸಾಲು ಬರೆದರೆ ಆ ಗುಡಿಗೆ ಬೀದಿಯ ತುಂಬ ಕಾವಲುಗಾರರು ಸಿಗುತ್ತಾರೆ ಎಂಬುದು ನನ್ನ ನಂಬಿಕೆ.

ಬೆಟ್ಟದ ಮೇಲಿನ ಸ್ಮಾರಕಗಳ ಮಾತು ಬೇರೆ. ಅಲ್ಲಿ ಗಡಿಯೇ ನೀರಿನಂತೆ ಹರಿಯುತ್ತದೆ. ಚಿತ್ರದುರ್ಗದ ಕೋಟೆಯನ್ನು ನೋಡಿ ಬಂದವರು ಒನಕೆ ಓಬವ್ವನ ಕಿಂಡಿಯನ್ನು, ಒಂದರ ನೇರಕ್ಕೆ ಒಂದು ಬಾರದಂತೆ ತಿರುವಿ ತಿರುವಿ ಇಟ್ಟ ಬಾಗಿಲುಗಳನ್ನು, ಮದ್ದು ಬೀಸುವ ಕಲ್ಲುಗಳನ್ನು ನೆನಪಿಟ್ಟುಕೊಳ್ಳುತ್ತಾರೆ, ಅದು ಸರಿಯೇ. ನನಗೆ ಮಾತ್ರ ಆ ಕೋಟೆಯ ಜೀವ ಇರುವುದು ಅದರ ಹೊಂಡಗಳಲ್ಲಿ. ಮೇಲೆ ಗೋಪಾಲಸ್ವಾಮಿ ಹೊಂಡ, ಅದರ ಕೆಳಗೆ ಅಕ್ಕ ತಂಗಿಯರ ಹೊಂಡ, ಆಮೇಲೆ ಸಿಹಿನೀರು ಹೊಂಡ, ಕೊನೆಗೆ ಊರೊಳಗಿನ ಸಂತೆ ಹೊಂಡ. ಮಳೆಯ ನೀರು ಬಂಡೆಯ ಮೈಯಿಂದ ಇಳಿದು ಒಂದನ್ನು ತುಂಬಿಸಿ ಇನ್ನೊಂದಕ್ಕೆ ಹೋಗುವಂತೆ ಪಾಳೆಯಗಾರರ ಕಾಲದವರು ಆ ಬೆಟ್ಟದ ಇಳಿಜಾರನ್ನು ಓದಿದ್ದರು. 1779ರಲ್ಲಿ ಹೈದರಾಲಿಗೆ ದುರ್ಗ ಬೀಳುವ ಮೊದಲು ಅದು ಅಷ್ಟು ಮುತ್ತಿಗೆಗಳನ್ನು ತಾಳಿಕೊಂಡದ್ದು ಗೋಡೆಯ ದಪ್ಪದಿಂದ ಎಷ್ಟೋ ಈ ನೀರಿನಿಂದಲೂ ಅಷ್ಟೇ. ಮಟ್ಟದ ಗೆರೆಗಳನ್ನು ಎಳೆದು ನೋಡಿದರೆ, ಈ ಹೊಂಡಗಳಿಗೆ ನೀರು ತರುವ ಇಳಿಜಾರು ಗೋಡೆಯ ಸಾಲನ್ನೂ ನೂರು ಮೀಟರನ್ನೂ ಕೇಳಿ ನಿಂತಿಲ್ಲ ಎಂಬುದು ಕಾಣುತ್ತದೆ. ಗೋಡೆಯನ್ನು ಮಾತ್ರ ಕಾಯ್ದು ನೀರಿನ ದಾರಿಯನ್ನು ಬಿಟ್ಟರೆ ಕೋಟೆಯ ಅರ್ಧವನ್ನು ಮಾತ್ರ ಕಾಯ್ದಂತೆ.

ಚಿತ್ರದುರ್ಗದ ಪಕ್ಕದ ಚಂದ್ರವಳ್ಳಿಯಲ್ಲಿ ಇದೇ ಮಾತು ಇನ್ನೂ ಸ್ಪಷ್ಟವಾಗಿದೆ. ಅಲ್ಲಿ ಭೈರವೇಶ್ವರ ಗುಡಿಯ ಬಳಿಯ ಬಂಡೆಯ ಮೇಲೆ 1929ರಲ್ಲಿ ಪುರಾತತ್ವಜ್ಞ ಎಂ. ಎಚ್. ಕೃಷ್ಣ ಅವರು ಓದಿದ ಪ್ರಾಕೃತ ಶಾಸನದಲ್ಲಿ ಕದಂಬರ ಮಯೂರಶರ್ಮನು ಒಂದು ಕೆರೆಯನ್ನು ಕಟ್ಟಿಸಿದ ಸಂಗತಿಯಿದೆ. ಮಯೂರಶರ್ಮ ಸೋಲಿಸಿದನೆನ್ನುವ ಅರಸುಮನೆತನಗಳ ಪಟ್ಟಿಯ ಓದಿನ ಬಗ್ಗೆ ವಿದ್ವಾಂಸರಲ್ಲಿ ಚರ್ಚೆಯಿದ್ದೇ ಇದೆ. ಆದರೆ ಕೆರೆಯ ಬಗ್ಗೆ ಬರೆದ ಶಾಸನವೊಂದನ್ನು, ಅದರ ಪಕ್ಕದಲ್ಲಿಯೇ ನೀರು ನೋಡುತ್ತ ನಿಂತು ಓದುವ ಅವಕಾಶ ನಮ್ಮ ನಾಡಿನಲ್ಲಿ ಎಷ್ಟು ಕಡೆ ಇದೆ? ಅಕ್ಷರವನ್ನು ಉಳಿಸುವವರು ಕೆರೆಯ ಹೂಳಿನ ಬಗ್ಗೆಯೂ ಮಾತಾಡಬೇಕು.

ಇನ್ನು ಪಟ್ಟಿಗೇ ಸೇರದ ಕಲ್ಲುಗಳು. ಹಳೆಯ ಚಿತ್ರದುರ್ಗ ಜಿಲ್ಲೆ, ಎಂದರೆ 1997ರಲ್ಲಿ ದಾವಣಗೆರೆ ಬೇರೆಯಾಗುವ ಮೊದಲಿನ ಜಿಲ್ಲೆಯ ಶಾಸನಗಳನ್ನು ಎಪಿಗ್ರಾಫಿಯಾ ಕರ್ನಾಟಿಕಾದ 11ನೇ ಸಂಪುಟ ತಾಲ್ಲೂಕುವಾರು, ಊರುವಾರು ಕೊಡುತ್ತದೆ. ಊರ ಮುಂದಿನ ಕಲ್ಲು, ಹೊಲದ ಬದುವಿನಲ್ಲಿರುವ ಕಲ್ಲು ಎಂದು ಜಾಗವನ್ನೂ ಹೇಳುತ್ತದೆ. ಅಳತೆಗೆ ಹೋಗುವ ಊರಿನ ಪುಟವನ್ನು ನಾನು ಮೊದಲೇ ನೋಡಿಕೊಂಡು ಹೋಗುತ್ತೇನೆ. ಕಲ್ಲು ಹೇಳಿದ ಜಾಗದಲ್ಲಿಯೇ ಇದ್ದರೆ ಆಗುವ ಸಂತೋಷವೇ ಬೇರೆ. ಇಲ್ಲದಿದ್ದರೆ ಕೇಳುತ್ತೇನೆ, ಯಾರಿಗಾದರೂ ನೆನಪಿರುತ್ತದೆ: ರಸ್ತೆ ಅಗಲ ಮಾಡಿದಾಗ ಜೆಸಿಬಿ ತಳ್ಳಿತು, ದೇವಸ್ಥಾನಕ್ಕೆ ಟೈಲ್ಸ್ ಹಾಕಿದಾಗ ಅಡಿಗೆ ಹೋಯಿತು. ಇವು ಕದ್ದವಲ್ಲ, ಯಾರೂ ಕೆಟ್ಟ ಮನಸ್ಸಿನಿಂದ ಮಾಡಿದ್ದೂ ಅಲ್ಲ.

ಕೆಟ್ಟ ಮನಸ್ಸಿನಿಂದ ಮಾಡುವವರು ಬೇರೆ ಇದ್ದಾರೆ. ಅವರು ನಿಧಿಗಳ್ಳರು. ಬೆಟ್ಟದ ಒಂಟಿ ಗುಡಿಗಳನ್ನು ಕಂಡವರಿಗೆ ಆ ನೋಟ ಗೊತ್ತು: ಲಿಂಗವನ್ನು ಕಿತ್ತು ಪಕ್ಕಕ್ಕೆ ಉರುಳಿಸಿ, ಪೀಠದ ಕೆಳಗೆ ಆಳೆತ್ತರದ ಗುಂಡಿ, ಅಂಚಿನಲ್ಲಿ ಒಣಗಿದ ನಿಂಬೆಹಣ್ಣಿನ ಹೋಳು, ಕುಂಕುಮ. ನೆಲದಡಿ ಸಿಕ್ಕ ನಿಧಿಯನ್ನು ಸರ್ಕಾರಕ್ಕೆ ತಿಳಿಸಬೇಕೆಂಬ ಕಾನೂನು 1878ರಿಂದಲೇ ಇದೆ. ಆದರೆ ಆ ಗುಂಡಿಗಳಲ್ಲಿ ಹಾಳಾಗುವುದು ಚಿನ್ನವಲ್ಲ. ಮಣ್ಣಿನ ಪದರಗಳು ಕಲಸಿಹೋಗುತ್ತವೆ, ಯಾವ ಮಡಕೆಚೂರು ಯಾವ ಕಾಲದ್ದು ಎಂದು ಹೇಳುವ ದಾರಿ ಶಾಶ್ವತವಾಗಿ ಮುಚ್ಚುತ್ತದೆ.

ಆ ಪದರಗಳ ಬೆಲೆ ಏನೆಂಬುದನ್ನು ನಮ್ಮ ಸೀಮೆಗೆ ತೋರಿಸಿಕೊಟ್ಟದ್ದೂ ಬ್ರಹ್ಮಗಿರಿಯೇ. 1947ರಲ್ಲಿ ಪುರಾತತ್ವಜ್ಞ ಮಾರ್ಟಿಮರ್ ವೀಲರ್ ಅಲ್ಲಿಯೂ ಚಂದ್ರವಳ್ಳಿಯಲ್ಲಿಯೂ ಉತ್ಖನನ ನಡೆಸಿದರು. ನಯಗೊಳಿಸಿದ ಕಲ್ಲುಕೊಡಲಿಯ ಜನ, ಅವರ ಮೇಲಿನ ಪದರದಲ್ಲಿ ಬೃಹತ್ ಶಿಲಾಗೋರಿಗಳನ್ನು ಕಟ್ಟಿದ ಕಬ್ಬಿಣದ ಕಾಲದ ಜನ, ಅದರ ಮೇಲೆ ಶಾತವಾಹನರ ಕಾಲ, ಹೀಗೆ ಒಂದರ ಮೇಲೊಂದು ಕುಳಿತ ಮೂರು ಕಾಲಗಳನ್ನು ಅವರು ಬಿಡಿಸಿ ತೋರಿಸಿದರು. ಬೆಟ್ಟದ ಬಳಿಯ ಶಿಲಾಗೋರಿಗಳ ಬಯಲಿನಲ್ಲಿ ಅವರು ಅಗೆದದ್ದು ಹತ್ತನ್ನು ಮಾತ್ರ. ಅಲ್ಲಿ ಗೋರಿಗಳು ನೂರಾರಿವೆ. ನಾಲ್ಕು ಚಪ್ಪಡಿಗಳನ್ನು ಸ್ವಸ್ತಿಕದಂತೆ ಒಂದಕ್ಕೊಂದು ಆನಿಸಿ ನಿಲ್ಲಿಸಿ, ಮೂಡಲ ಚಪ್ಪಡಿಯಲ್ಲಿ ದುಂಡನೆಯ ಕಿಂಡಿ ಕೊರೆದು, ಸುತ್ತ ಗುಂಡುಕಲ್ಲುಗಳ ವೃತ್ತ ಇಟ್ಟಿದ್ದಾರೆ.

ಈ ಕಿಂಡಿಯನ್ನು ನಾನು ಮೊದಲ ಸಲ ಕಂಡದ್ದು ಗೋರಿಯಲ್ಲಿ ಅಲ್ಲ, ಹೊಲದ ಮೂಲೆಯಲ್ಲಿ. ಆ ಭಾಗದ ಹಳ್ಳಿಯೊಂದರಲ್ಲಿ ಅಣ್ಣತಮ್ಮಂದಿರ ಪಾಲಿನ ಪೋಡಿಗೆ ಹೋಗಿದ್ದೆ. ಗಡಿ ಗುರುತಿನ ಬಾಂದುಕಲ್ಲು ಹುಡುಕುತ್ತ ಜಾಲಿಯ ಮುಳ್ಳು ಸರಿಸಿದಾಗ, ಮೊಣಕಾಲೆತ್ತರದ ಒಂದು ಒಡೆದ ಚಪ್ಪಡಿ ನೆಟ್ಟಗೆ ನಿಂತಿತ್ತು. ಅದರ ಒಂದು ಅಂಚು ಒಡೆದದ್ದಲ್ಲ, ಕೊಡದ ಬಾಯಿಯ ಅರ್ಧದಂತೆ ದುಂಡಗೆ ಬಾಗಿತ್ತು, ಬೆರಳಾಡಿಸಿದರೆ ತೀಡಿದಂತೆ ನುಣುಪಾಗಿತ್ತು. ಉಳಿದ ಅರ್ಧ ಬದುವಿನಲ್ಲೆಲ್ಲೋ ಸೇರಿತ್ತು. ಆ ದಿನ ನನಗೆ ಅದೇನೆಂದು ತಿಳಿಯಲಿಲ್ಲ. ನಕ್ಷೆಯಲ್ಲಿ "ಕಲ್ಲು ಇದೆ" ಎಂದು ಗುರುತು ಹಾಕಿ ಸಹಿ ಮಾಡಿ ಬಂದೆ. ಎಷ್ಟೋ ದಿನಗಳ ಮೇಲೆ ಬ್ರಹ್ಮಗಿರಿಯ ಒಂದು ಪೂರ್ತಿ ಗೋರಿಯ ಮುಂದೆ ನಿಂತಾಗ ನನ್ನ ಬೆರಳಿಗೆ ಆ ನುಣುಪು ಮತ್ತೆ ನೆನಪಾಯಿತು.

ಈ ಬೆಟ್ಟಗಳ ಸ್ಮಾರಕಗಳು ಉಳಿಯಬೇಕಾದರೆ ಅವು ಜನ ದಿನವೂ ಕೈಯಲ್ಲಿ ಹಿಡಿಯುವ ಕಾಗದದೊಳಗೆ ಬರಬೇಕು ಎಂದು ನಾನು ಹೇಳುವುದು ಈ ಕಾರಣಕ್ಕೆ. ಅಧಿಸೂಚನೆಯನ್ನು ರೈತ ಓದುವುದಿಲ್ಲ, ಪಹಣಿಯನ್ನು ಓದುತ್ತಾನೆ. ನಾನು ಕಂಡ ಪಹಣಿಗಳಲ್ಲಿ ನೂರು ಮೀಟರಿನ ಗೆರೆ ಎಲ್ಲಿಯೂ ಇಲ್ಲ, ಜಮೀನು ಕೊಂಡವನಿಗೆ ಅದು ತಿಳಿಯುವುದು ಪಾಯ ತೆಗೆದ ಮೇಲೆ. ಗ್ರಾಮ ನಕ್ಷೆಯಲ್ಲಿ ಕೆರೆ, ಹಳ್ಳ, ಬಂಡಿದಾರಿ, ಗುಡಿಗಳಿಗೆ ಗುರುತುಗಳಿವೆ. ವೀರಗಲ್ಲಿಗೆ, ಶಾಸನಕ್ಕೆ, ಶಿಲಾಗೋರಿಗೆ ಒಂದೊಂದು ಗುರುತು ಸೇರಿಸಿ, ಊರವರು ಕರೆಯುವ ಹೆಸರನ್ನೇ ಅದರ ಪಕ್ಕ ಬರೆದರೆ, ಖರ್ಚು ಹೆಚ್ಚಿಲ್ಲ. ಅಳತೆಗೆ ಹೋಗುವವರು ಹೇಗೂ ಪ್ರತಿ ಸರ್ವೆ ನಂಬರಿನ ಮೂಲೆಮೂಲೆಯನ್ನೂ ತುಳಿಯುತ್ತೇವೆ.

ಕಳೆದ ಬೇಸಿಗೆಯಲ್ಲಿ ಅದೇ ಹಳ್ಳಿಗೆ ಮತ್ತೆ ಹೋಗಿದ್ದೆ. ಅಣ್ಣತಮ್ಮಂದಿರಲ್ಲಿ ಕಿರಿಯವರು ಜೊತೆಗೆ ಬಂದರು. ಆ ಚಪ್ಪಡಿಯನ್ನು ಅಲುಗಿಸಬೇಡಿ, ಪಕ್ಕದಲ್ಲಿ ಹೊಸ ಬಾಂದುಕಲ್ಲು ನೆಡೋಣ ಎಂದಾಗ ಅವರು ಏಕೆಂದು ಕೇಳಿದರು. ಬದುವಿನ ಆಚೆಗೆ, ಕಳ್ಳಿಯ ನಡುವೆ ಅರ್ಧ ಹೂತ ಗುಂಡುಕಲ್ಲುಗಳ ಸಾಲನ್ನು ಕಾಲಿನಿಂದ ಗುರುತಿಸುತ್ತ ಒಂದು ಸುತ್ತು ನಡೆದು ತೋರಿಸಿದೆ. ಅವರು ನನ್ನ ಹಿಂದೆಯೇ ಎರಡನೆಯ ಸುತ್ತು ನಡೆದರು.

"ಇದನ್ನ ಕಾಗದದಾಗೆ ಏನಂತ ಬರೀತೀರಿ ಸಾರ್?" ಎಂದರು.

ಅದಕ್ಕೆಂದು ಇರುವ ಕಲಂ ಇಲ್ಲ. ನಕ್ಷೆಯ ಕೆಳಗಿನ ಷರಾದಲ್ಲಿ, ಈಶಾನ್ಯ ಮೂಲೆಯಲ್ಲಿ ಹಳೆಯ ಕಲ್ಲುಗೋರಿ ಇದೆ, ಸುತ್ತ ಕಲ್ಲಿನ ವೃತ್ತವಿದೆ ಎಂದು ಬರೆದು, ಬಾಂದುಕಲ್ಲಿನಿಂದ ಅದಕ್ಕಿರುವ ದೂರವನ್ನು ಅಳೆದು ಸೇರಿಸಿದೆ. ಅವರು ಅದನ್ನು ಜೋರಾಗಿ ಓದಿಸಿಕೊಂಡು ಆಮೇಲೆ ಸಹಿ ಹಾಕಿದರು.