ಹಾರ್ಮೋನಿಯಂ ಗಾಳಿ ಸೋರುತ್ತಿದ್ದರೆ ಮೊದಲೇ ರೀಡಿಗೆ ಕೈ ಹಾಕಬೇಡಿ

ಸ್ವರ ನಿಲ್ಲುತ್ತಿಲ್ಲ, ಮಂದ್ರ ಸ್ಥಾಯಿ ತಡವಾಗಿ ಏಳುತ್ತದೆ, ತಿದಿ ಒತ್ತಿ ಒತ್ತಿ ಎಡಗೈ ಸೋಲುತ್ತದೆ. ಇಂಥ ಪೆಟ್ಟಿಗೆಯನ್ನು ಬಿಚ್ಚಿದವರು ಮೊದಲು ಕೆರೆಯುವುದು ರೀಡನ್ನು, ಅಂದರೆ ಗಾಳಿಗೆ ಕಂಪಿಸಿ ಸ್ವರ ಹೊರಡಿಸುವ ಹಿತ್ತಾಳೆಯ ನಾಲಗೆಯನ್ನು. ಕೆರೆದ ಹಿತ್ತಾಳೆ ಮತ್ತೆ ಬೆಳೆಯುವುದಿಲ್ಲ. ಸೋರಿಕೆ ಇರುವಾಗ ಕೂಡಿಸಿದ ಶ್ರುತಿ, ಸೋರಿಕೆ ಮುಚ್ಚಿದ ದಿನವೇ ತಪ್ಪಾಗುತ್ತದೆ. ಹಾಗಾಗಿ ಮೊದಲು ಗಾಳಿ, ಆಮೇಲೆ ಮರ, ರೀಡು ಕಟ್ಟಕಡೆಗೆ.

ಗಾಳಿ ಹೋಗುವ ದಾರಿ ಇದು: ಹಿಂದಿನ ಹೊರ ತಿದಿಯ ಹಲಗೆಯಲ್ಲಿ ತೂತುಗಳಿವೆ, ಅವಕ್ಕೆ ಒಳಗಡೆ ಚರ್ಮದ ಪಟ್ಟಿ. ತಿದಿ ತೆರೆದಾಗ ಪಟ್ಟಿ ಎದ್ದು ಗಾಳಿ ಒಳಬರುತ್ತದೆ, ಒತ್ತಿದಾಗ ಅದು ಮುಚ್ಚಿಕೊಂಡು ಎರಡನೇ ಸಾಲಿನ ಪಟ್ಟಿಗಳ ಮೂಲಕ ಗಾಳಿ ಒಳ ತಿದಿಗೆ ನುಗ್ಗುತ್ತದೆ. ಒಳ ತಿದಿಯನ್ನು ಸ್ಪ್ರಿಂಗುಗಳು ಸದಾ ಮೇಲಕ್ಕೆ ಒತ್ತುತ್ತಿರುತ್ತವೆ. ಮುಂದಿನ ಗುಬುಟು, ಅಂದರೆ ಸ್ಟಾಪರ್ ಎಳೆದರೆ ಗಾಳಿ ರೀಡಿನ ಕೋಣೆಗೆ ಬರುತ್ತದೆ, ಮನೆ (ಬೆರಳಿಟ್ಟು ನುಡಿಸುವ ಕೀಲಿ) ಒತ್ತಿದರೆ ಅದರ ಹಿಂತುದಿಯ ಚರ್ಮದ ಗದ್ದಿಗೆ ಎದ್ದು ತೂತು ತೆರೆಯುತ್ತದೆ.

ಪರೀಕ್ಷೆಗೆ ಉಪಕರಣ ಬೇಕಿಲ್ಲ, ಗಡಿಯಾರ ಸಾಕು. ಸ್ಟಾಪರ್‌ಗಳನ್ನೆಲ್ಲ ಒಳಗೆ ತಳ್ಳಿ, ಒಳ ತಿದಿ ಪೂರ್ತಿ ತುಂಬುವವರೆಗೆ ಒತ್ತಿ, ಕೈ ಬಿಟ್ಟು ಎಣಿಸಿ. ನನ್ನ ಲೆಕ್ಕದಲ್ಲಿ 20 ಸೆಕೆಂಡಿಗೂ ಮೊದಲೇ ಕುಸಿದರೆ ರಿಪೇರಿ ಬೇಕು. ಆಮೇಲೆ ಸ್ಟಾಪರ್‌ಗಳನ್ನು ಎಳೆದು, ಯಾವ ಮನೆಯನ್ನೂ ಮುಟ್ಟದೆ ಮತ್ತೆ ಎಣಿಸಿ. ಮುಚ್ಚಿದಾಗ ಚೆನ್ನಾಗಿ ನಿಂತು, ತೆರೆದಾಗ ಬೇಗ ಇಳಿದರೆ ದೋಷ ಮನೆಗಳ ಗದ್ದಿಗೆಯಲ್ಲೋ ರೀಡಿನ ಹಲಗೆ ಕೂರುವ ಅಂಚಿನಲ್ಲೋ ಇದೆ. ಮುಚ್ಚಿದಾಗಲೇ ಬೇಗ ಇಳಿದರೆ ತಿದಿ, ಪಟ್ಟಿ ಅಥವಾ ಪೆಟ್ಟಿಗೆಯ ಕೂಡಿಕೆ. ಸ್ಟಾಪರ್‌ನ ಮುಚ್ಚಳ ಸರಿಯಾಗಿ ಕೂರದಿದ್ದರೂ ಹೀಗಾಗಬಹುದು. ಇನ್ನೊಂದು ಗುರುತು: ತುಂಬಿ ಕೈ ಬಿಟ್ಟ ಮೇಲೆ ಹೊರ ತಿದಿ ತಾನಾಗಿ ಉಬ್ಬಿದರೆ ಎರಡನೇ ಸಾಲಿನ ಪಟ್ಟಿ ಗಾಳಿಯನ್ನು ಹಿಂದಕ್ಕೆ ಬಿಡುತ್ತಿದೆ. ಒತ್ತುವಾಗ ಹಿಂದಿನ ತೂತಿನಿಂದ ಉಸಿರು ಅಂಗೈಗೆ ತಾಗಿದರೆ ಮೊದಲ ಸಾಲಿನದು.

ಜಾಗ ಹುಡುಕಲು ಊದಿನಕಡ್ಡಿ ಒಳ್ಳೆಯ ಸಹಾಯಕ. ಫ್ಯಾನ್ ಆರಿಸಿ, ಸಹಾಯಕ್ಕೆ ಒಬ್ಬರು ತಿದಿ ಒತ್ತುತ್ತಿರಲಿ, ಹೊಗೆಯನ್ನು ಮಡಿಕೆಗಳ ಉದ್ದಕ್ಕೂ ನಿಧಾನವಾಗಿ ಒಯ್ಯಿರಿ. ಕೆಂಡ ಮಾತ್ರ ಬಟ್ಟೆಗೆ ತಾಗದಿರಲಿ. ಹೊಗೆ ಓರೆಯಾದಲ್ಲಿ ಪೆನ್ಸಿಲ್ ಗುರುತು ಹಾಕಿ. ತಿದಿ ಹೆಚ್ಚಾಗಿ ಸೋರುವುದು ಮಡಿಕೆಯ ಮೂಲೆಯಲ್ಲೇ, ಯಾಕೆಂದರೆ ಪ್ರತಿ ಒತ್ತಿಗೂ ಚರ್ಮ ಮೂರು ದಿಕ್ಕಿಗೆ ಮಡಿಯುವುದು ಅಲ್ಲಿ. ಸುಮಾರು ಅರ್ಧ ಮಿಲಿಮೀಟರ್ ದಪ್ಪದ ಮೆತ್ತನೆಯ ಕುರಿ ಚರ್ಮ ತೆಗೆದುಕೊಂಡು, ಅಂಚನ್ನು ಬ್ಲೇಡಿನಿಂದ ತೆಳುವಾಗಿ ಸವರಿ, ತೂತಿಗಿಂತ ಸುತ್ತಲೂ 1 ಸೆಂಟಿಮೀಟರ್ ದೊಡ್ಡದಾಗಿ ತೇಪೆ ಹಾಕಿ. ತಿದಿಯನ್ನು ಅರ್ಧ ತೆರೆದಿಟ್ಟೇ ಅಂಟಿಸಬೇಕು. ಪೂರ್ತಿ ಮುಚ್ಚಿ ಅಂಟಿಸಿದರೆ ತೆರೆದ ಕೂಡಲೇ ತೇಪೆ ಕಿತ್ತು ಬರುತ್ತದೆ. ಅಂಟಿನ ಬಗ್ಗೆ ನಾನು ಹಟ ಹಿಡಿಯುತ್ತೇನೆ: ಪ್ರಾಣಿಗಳ ಚರ್ಮದಿಂದ ಮಾಡುವ, ಬಿಸಿ ಮಾಡಿ ಹಚ್ಚುವ ಹಳೆಯ ಅಂಟೇ ಸರಿ. ಹತ್ತು ವರ್ಷ ಬಿಟ್ಟು ಬಿಚ್ಚುವವರು ಬಿಸಿ ನೀರಿನ ಬಟ್ಟೆ ಒತ್ತಿದರೆ ಅದು ಬಿಟ್ಟುಕೊಡುತ್ತದೆ. ಫೆವಿಕಾಲ್ ಅಷ್ಟು ಸುಲಭಕ್ಕೆ ಬಿಡುವುದಿಲ್ಲ, ಕೀಳಹೋದರೆ ಮಡಿಕೆಯ ರಟ್ಟೂ ಜೊತೆಗೆ ಹರಿದು ಬರುತ್ತದೆ. ಒಣಗಿ ಕಲ್ಲಾಗುವ ಎಂ-ಸೀಲ್ ಅಂತೂ ಮಡಿಯುವ ಜಾಗಕ್ಕೆ ಬೇಡವೇ ಬೇಡ.

ಪಟ್ಟಿಗಳ ಮಾತು ಕಿವಿಗೆ ಕೇಳುತ್ತದೆ. ಪಟಪಟ ಹೊಡೆದುಕೊಂಡರೆ ಸಡಿಲವಾಗಿದೆ, ಏದುಸಿರು ಬಿಟ್ಟಂತಿದ್ದರೆ ಬಿಗಿಯಾಗಿದೆ ಇಲ್ಲವೇ ಒಣಗಿ ಸುರುಳಿಗಟ್ಟಿದೆ. ಸುರುಳಿಗಟ್ಟಿದ ಚರ್ಮಕ್ಕೆ ಎಣ್ಣೆ ಹಚ್ಚಿ ಬದುಕಿಸಲು ಹೋಗಬೇಡಿ. ಎಣ್ಣೆಗೆ ಧೂಳು ಮೆತ್ತಿಕೊಂಡು ಇನ್ನಷ್ಟು ಸೋರುತ್ತದೆ, ಹೊಸದು ಹಾಕಿ.

ಗದ್ದಿಗೆಗೆ ಕಾಗದದ ಪರೀಕ್ಷೆ. 5 ಮಿಲಿಮೀಟರ್ ಅಗಲದ ತೆಳು ಕಾಗದದ ಪಟ್ಟಿಯನ್ನು ಗದ್ದಿಗೆಯ ಕೆಳಗೆ ನಾಲ್ಕೂ ಬದಿಯಿಂದ ತೂರಿಸಿ ಎಳೆಯಿರಿ. ಎಲ್ಲ ಕಡೆ ಒಂದೇ ಬಿಗಿ ಇರಬೇಕು. ಒಂದು ಬದಿ ಜಾರಿದರೆ ಧೂಳು ಕೂತಿದೆ, ಚರ್ಮದಲ್ಲಿ ತೂತಿನ ಅಚ್ಚು ಬಿದ್ದಿದೆ, ಅಥವಾ ಮನೆ ಪಕ್ಕಕ್ಕೆ ವಾಲಿದೆ. ಮುಟ್ಟದೆಯೇ ಕೂಗುವ ಮನೆಗೂ ಇವೇ ಕಾರಣ, ಜೊತೆಗೆ ತಂತಿ ಸ್ಪ್ರಿಂಗು ಜಾರಿರಬಹುದು. ರೀಡಿನ ಹಲಗೆಯ ಅಂಚಿಗೂ ಇದೇ ಕಾಗದ ಸಾಕು.

ಬೆಂಗಳೂರಿನ ಹವೆಯನ್ನು ಲೆಕ್ಕಕ್ಕೆ ಇಟ್ಟುಕೊಳ್ಳಬೇಕು. ಆಷಾಢ ಶ್ರಾವಣದ ಜಡಿಮಳೆಗೆ ಮರ ಉಬ್ಬಿ ಪಕ್ಕದ ಮನೆಗಳು ಒಂದಕ್ಕೊಂದು ಉಜ್ಜುತ್ತವೆ. ಆಗ ಮರಳು ಕಾಗದ ಹಿಡಿದು ಉಜ್ಜಿದವರ ಪೆಟ್ಟಿಗೆ ಮಾರ್ಚಿನಲ್ಲಿ ಗಲಗಲ ಅನ್ನುತ್ತದೆ. ಎರಡು ಮೂರು ದಿನ ಒಣ ಕೋಣೆಯಲ್ಲಿಟ್ಟು, ಆಮೇಲೂ ಹಿಡಿಯುತ್ತಿದ್ದರೆ ಮಾತ್ರ ಕೈ ಹಚ್ಚಿ. ರಾಮನವಮಿಯ ಚಪ್ಪರ ಕಚೇರಿಗಳಿಗೆ, ಬೀದಿ ಭಜನೆಗೆ ಹೋಗಿಬಂದ ಪೆಟ್ಟಿಗೆಗೆ ಧೂಳೇ ಶತ್ರು: ತಿದಿ ಆಡಿಸಿದಷ್ಟೂ ಅದು ಒಳಕ್ಕೆ ಹೋಗುತ್ತದೆ. ಜಿರಳೆಗಳು ಅಂಟನ್ನು ತಿನ್ನುತ್ತವೆ, ಅಡುಗೆಮನೆಯ ಅಟ್ಟ ಪೆಟ್ಟಿಗೆ ಇಡುವ ಜಾಗವಲ್ಲ.

ಸದ್ದು ಜಾಸ್ತಿಯಾಗಲಿ ಎಂದು ಒಳ ತಿದಿಗೆ ಗಟ್ಟಿ ಸ್ಪ್ರಿಂಗ್ ಹಾಕುವ ರೂಢಿ ನನಗೆ ಒಪ್ಪಿಗೆಯಿಲ್ಲ. ಕೈಗೆ ಭಾರ, ಮೇಲಾಗಿ ಒತ್ತಡ ಹೆಚ್ಚಿದಂತೆ ಮಂದ್ರದ ರೀಡುಗಳ ಶ್ರುತಿ ಇಳಿಯುತ್ತದೆ.

ಇಷ್ಟಾದ ಮೇಲೂ ಒಂದು ಸ್ವರ ಏಳದಿದ್ದರೆ, ನಾಲಗೆ ಮತ್ತು ಚೌಕಟ್ಟಿನ ನಡುವೆ ತೆಳು ಕಾಗದ ಆಡಿಸಿ ಧೂಳು ತೆಗೆಯಿರಿ. ಬೆರಳು ತಾಗಿಸಬೇಡಿ, ಬೆವರಿಗೆ ಹಿತ್ತಾಳೆ ಕಪ್ಪಾಗುತ್ತದೆ. ಶ್ರುತಿ ಏರಿಸಲು ನಾಲಗೆಯ ತುದಿಯನ್ನು, ಇಳಿಸಲು ಬುಡದ ಹತ್ತಿರ ಕೆರೆಯಬೇಕು. ಕೆಳಗೆ ತೆಳು ಉಕ್ಕಿನ ಪಟ್ಟಿ ಆಸರೆಯಾಗಿರಲಿ. ನಡು ಸ್ಥಾಯಿಯ ಆರನೇ ಬಿಳಿ ಮನೆಯನ್ನು 440 ಹರ್ಟ್ಜ್‌ಗೆ ನಿಲ್ಲಿಸಿ ಅಲ್ಲಿಂದ ಹೊರಡಿ. ಕೆರೆದಾಗ ಲೋಹ ಬಿಸಿಯಾಗಿರುತ್ತದೆ. ಎರಡು ನಿಮಿಷ ತಣಿಯಲು ಬಿಟ್ಟು, ಹಲಗೆಯನ್ನು ಅದರ ಜಾಗದಲ್ಲಿ ಕೂರಿಸಿ ಕೊಂಡಿ ಹಾಕಿ, ಒಳ ತಿದಿ ಅರ್ಧ ತುಂಬಿರುವಾಗಲೇ ಪ್ರತಿ ಸಲ ಅಳೆಯಿರಿ.