ಬದುವಿನ ಕಳೆಯೂ ಶೇಕಡಾ 88ರ ವೈರಸ್ಸೂ

ಕೋಲಾರದ ಕಡೆ ಟೊಮೆಟೊ ತೋಟಕ್ಕೆ ಹೋದವರೆಲ್ಲ ಕಾಯಿ ನೋಡುತ್ತಾರೆ. ಗಿಡಗಳ ವೈರಸ್ ಹುಡುಕುವ ನಾನು ಬದು ನೋಡುತ್ತೇನೆ. ಆವತ್ತು ಬದುವಿನ ತುಂಬಾ ಅಜೆರೇಟಂ, ತಿಳಿನೀಲಿ ಹೂ ಬಿಡುವ ಆ ನಾತದ ಗಿಡ. ಕೆಲವು ಎಲೆಗಳಲ್ಲಿ ನರಗಳಷ್ಟೇ ಅಚ್ಚ ಹಳದಿ, ಮಿಕ್ಕದ್ದೆಲ್ಲ ಹಸಿರು. ನೋಡೋಕೆ ಚೆಂದ, ಆದರೆ ರೋಗ. ಎಲೆ ಮಗುಚಿದರೆ ಅಡಿಯಲ್ಲಿ ಬಿಳಿ ನೊಣ.

"ಏನಮ್ಮಾ, ಕಳೆ ಕಿತ್ತು ಕವರ್‌ಗೆ ಹಾಕ್ಕೊಳ್ತಿದ್ದೀಯ? ಇಡೀ ಬದು ಕಿತ್ತುಬಿಡು, ಕೂಲಿ ಕೊಡ್ತೀನಿ" ಅಂದರು ತೋಟದ ಯಜಮಾನರು.

ಟೊಮೆಟೊ ಎಲೆ ಮುದುರಿಸುವ ವೈರಸ್ಸೂ ಈ ಹಳದಿ ನರದ ವೈರಸ್ಸೂ ಬೆಗೊಮೊವೈರಸ್ ಎಂಬ ಒಂದೇ ಬಳಗದವು. ಎರಡನ್ನೂ ಹೊತ್ತು ತಿರುಗೋದು ಬಿಳಿ ನೊಣವೇ. ಅದರ ಬಿ-ಬಯೋಟೈಪ್ ಎಂಬ ಬಗೆ ಭಾರತದಲ್ಲಿ ಮೊದಲು ಸಿಕ್ಕಿದ್ದು 1999ರಲ್ಲಿ, ಇದೇ ಕೋಲಾರದಲ್ಲಿ.

ಲ್ಯಾಬಿನಲ್ಲಿ ಎಲೆ ಅರೆದು ಡಿಎನ್‌ಎ ತೆಗೆದೆವು. ಈ ವೈರಸ್ಸಿನ ಡಿಎನ್‌ಎ ಬಳೆಯ ಹಾಗೆ ದುಂಡಗಿರುತ್ತದೆ. ಫೈ29 ಎಂಬ ಕಿಣ್ವ ಹಾಕಿ 30 ಡಿಗ್ರಿಯಲ್ಲಿ ರಾತ್ರಿಯಿಡೀ ಬಿಟ್ಟರೆ ಅದು ಸುತ್ತುತ್ತಲೇ ನಕಲು ಮಾಡುತ್ತದೆ. ಆಮೇಲೆ ಒಂದು ಕಡೆ ಕತ್ತರಿಸಿ, ಡಿಎನ್‌ಎ ತುಂಡುಗಳನ್ನು ಉದ್ದದ ಪ್ರಕಾರ ಬೇರೆ ಮಾಡುವ ಜೆಲ್‌ನಲ್ಲಿ ಓಡಿಸಿದೆವು. ಸುಮಾರು 2,700 ಡಿಎನ್‌ಎ ಅಕ್ಷರದ ಉದ್ದದ ಜಾಗದಲ್ಲಿ ಗೆರೆ ಬಂತು. ಇಷ್ಟು ಪುಟ್ಟ ಜೀನೋಮ್ ಇಡೀ ತೋಟ ಹಾಳು ಮಾಡುತ್ತೆ ಅಂದ್ರೆ ನಂಬೋಕೆ ಕಷ್ಟ, ಅಲ್ವಾ?

ಸೀಕ್ವೆನ್ಸ್, ಅಂದ್ರೆ ಆ ಅಕ್ಷರಗಳ ಕ್ರಮ, ಬಂತು. ಗೊತ್ತಿರುವ ಯಾವ ಬೆಗೊಮೊವೈರಸ್ಸಿಗೂ ಶೇಕಡಾ 91ರಷ್ಟು ಹೋಲದಿದ್ದರೆ ಅದನ್ನು ಹೊಸ ಪ್ರಭೇದ ಅಂತ ಪರಿಗಣಿಸುತ್ತಾರೆ. ಅಜೆರೇಟಂನದ್ದು ಹಳೇ ಗಿರಾಕಿ. ಪಕ್ಕದಲ್ಲಿದ್ದ, ಬೆಂಡೆ ಕುಟುಂಬದ ಇನ್ನೊಂದು ಕಳೆಯದ್ದು 88! ಎಲ್ಲರಿಗೂ ಖುಷಿ. ಆದರೆ ಎರಡು ವೈರಸ್ ಬೆರೆತು ಹುಟ್ಟಿದ್ದಿರಬಹುದಾ ಅಂತ ನೋಡಬೇಕು. ಸುಮ್ನೆ ಹೆಸರಿಡೋಕಾಗಲ್ಲ.

ಯಜಮಾನರಿಗೆ ಫೋನ್ ಮಾಡಿದೆ. "ಹೊಸದೋ ಹಳೇದೋ ಇರ್ಲಿ. ನನ್ನ ಟೊಮೆಟೊಗೆ ಬರುತ್ತಾ?"

ನನಗೆ ಬಂದಿದ್ದ ಪ್ರಶ್ನೆಗಳಲ್ಲಿ ಇದೇ ಗಟ್ಟಿ. ಸೀಕ್ವೆನ್ಸ್ ನೋಡಿ ಇದಕ್ಕೆ ಉತ್ತರ ಹೇಳೋಕಾಗಲ್ಲ. ಆ ಕಳೆಯಲ್ಲಿ ರಸ ಹೀರಿದ ನೊಣಗಳನ್ನು ಬಲೆಯ ಪಂಜರದೊಳಗೆ ಟೊಮೆಟೊ ಸಸಿ ಮೇಲೆ ಬಿಡಬೇಕು. ಕಾಯಬೇಕು. ಆಮೇಲೆ ಸಸಿಯಲ್ಲಿ ವೈರಸ್ಸಿನ ಡಿಎನ್‌ಎ ಇದೆಯಾ ಅಂತ ನೋಡುವ ಪಿಸಿಆರ್ ಪರೀಕ್ಷೆ. ಈಗ ಸಸಿ ಬೆಳೆಸುತ್ತಿದ್ದೇವೆ.

"ಅಲ್ಲೀವರೆಗೂ ಕಳೆ ಕಿತ್ತಾಕ್ಲಾ?"

"ಕೀಳಿ. ಆದ್ರೆ ನಾಟಿಗೆ ಮುಂಚೆನೇ ಕೀಳಿ. ಬೆಳೆ ನಿಂತಿರುವಾಗ ಕಿತ್ತರೆ ನೊಣ ಎದ್ದು ಸೀದಾ ಟೊಮೆಟೊ ಮೇಲೇ ಕೂರುತ್ತೆ."