ಸೂಜಿಗೂ ಸ್ಪೀಕರ್‌ಗೂ ನಡುವೆ

ಮೂರು ವಾರದಿಂದ ಒಂದೇ ಯೋಚನೆ. ಟರ್ನ್‌ಟೇಬಲ್‌ಗೆ ಯಾವ ಫೋನೋ ಪ್ರಿಆಂಪ್, ಅಂದರೆ ಸೂಜಿಯ ಸಣ್ಣ ಸಿಗ್ನಲ್ಲನ್ನು ಆಂಪ್ಲಿಫೈಯರ್‌ಗೆ ತಕ್ಕಂತೆ ಹಿಗ್ಗಿಸುವ ಡಬ್ಬಿ, ಕೊಳ್ಳುವುದು? ನಿನ್ನೆ ಕೊನೆಗೂ ಮನೆಗೆ ಬಂತು.

ಅಪ್ಪನ ಎಲ್‌ಪಿಗಳನ್ನು ಮೊದಲು ನೇರವಾಗಿ ಆಂಪ್ಲಿಫೈಯರ್‌ನ ಆಕ್ಸ್‌ಗೆ (ಸಾಮಾನ್ಯ ಇನ್‌ಪುಟ್‌ಗೆ) ಕೊಟ್ಟು ಕೇಳಿದ್ದೆ. ದನಿ ಪಕ್ಕದ ಮನೆಯಿಂದ ಬಂದ ಹಾಗಿತ್ತು. ಮೃದಂಗದ ಎಡಬದಿಯ ಗುಮುಕು ಕೇಳಿಸಲೇ ಇಲ್ಲ. ಪಾಪ, ರೆಕಾರ್ಡಿನದೇನೂ ತಪ್ಪಿಲ್ಲ. ಸೂಜಿಯ ಅಲುಗಾಟವನ್ನು ವಿದ್ಯುತ್ತಾಗಿಸುವ ನನ್ನ ಕಾರ್ಟ್ರಿಜ್ ಕೊಡುವುದೇ 4–5 ಮಿಲಿವೋಲ್ಟ್, ಆಕ್ಸ್‌ಗೆ ಅದು ಸಾಲದು. ಜೊತೆಗೆ ಎಲ್‌ಪಿ ಕೆತ್ತುವಾಗಲೇ ತಗ್ಗು ಸ್ವರಗಳನ್ನು ಕುಗ್ಗಿಸಿ, ಎತ್ತರದ ಸ್ವರಗಳನ್ನು ಹಿಗ್ಗಿಸಿರುತ್ತಾರೆ. ತಗ್ಗು ಸ್ವರ ಕುಗ್ಗಿಸದಿದ್ದರೆ ಗೆರೆಗಳು ಅಗಲವಾಗಿ, ಒಂದು ಬದಿಯಲ್ಲಿ ಅಷ್ಟು ಹೊತ್ತಿನ ಸಂಗೀತ ಹಿಡಿಸುವುದಿಲ್ಲ. ಅದನ್ನು ತಿರುಗಾ ಸರಿಮಾಡುವುದು ಪ್ರಿಆಂಪ್ ಕೆಲಸ. ಯಾವ ಸ್ವರವನ್ನು ಎಷ್ಟು ಕುಗ್ಗಿಸಬೇಕು, ಎಷ್ಟು ಹಿಗ್ಗಿಸಬೇಕು ಅನ್ನುವ ಲೆಕ್ಕವನ್ನೇ ಅಮೆರಿಕದ ರೆಕಾರ್ಡ್ ಕಂಪನಿಗಳ ಸಂಘವಾದ ಆರ್‌ಐಎಎಯ 1954ರ ಕರ್ವ್ ಹೇಳುತ್ತದೆ.

ನನ್ನ ಕಾರ್ಟ್ರಿಜ್ ಮೂವಿಂಗ್ ಮ್ಯಾಗ್ನೆಟ್, ಅಂದರೆ ಸೂಜಿಯೊಂದಿಗೆ ಪುಟ್ಟ ಅಯಸ್ಕಾಂತ ಅಲುಗುವ ಬಗೆ. ಅದಕ್ಕೆ 40 ಡೆಸಿಬಲ್ ಗೇನ್ (ಹಿಗ್ಗಿಸುವ ಪ್ರಮಾಣ), 47 ಕಿಲೋಓಮ್ ಲೋಡ್ (ಪ್ರಿಆಂಪ್ ಒಡ್ಡುವ ರೋಧ) ಸಾಕು. ತಂತಿಯ ಸುರುಳಿ ಅಲುಗುವ ಮೂವಿಂಗ್ ಕಾಯಿಲ್ ಬಗೆಗೂ ಆಗುವ ಪ್ರಿಆಂಪ್‌ಗೆ ಸುಮ್ನೆ ಜಾಸ್ತಿ ದುಡ್ಡು ಯಾಕೆ? ಆ ದುಡ್ಡಿಗೆ ಒಳ್ಳೆಯ ಪವರ್ ಸಪ್ಲೈ ಇರುವುದನ್ನು ಆರಿಸಿದೆ.

ಅರ್ಥ್ ವೈರನ್ನು ಸ್ಕ್ರೂ ಕೆಳಗೆ ಸಿಕ್ಕಿಸಿ ಬಿಗಿ ಮಾಡಿದೆ. ಗುಂಯ್ ಅನ್ನುವ ಸದ್ದು ತಟ್ಟನೆ ನಿಂತಿತು. ಸೂಜಿ ಇಳಿಸಿದೆ. ಎರಡು ಚಟಪಟ, ಆಮೇಲೆ ತಂಬೂರಿ, ಆಮೇಲೆ ಆ ಗುಮುಕು. ಇಷ್ಟು ವರ್ಷ ಆ ನಾದ ಗೆರೆಯೊಳಗೇ ಕಾದಿತ್ತು, ಅಲ್ವಾ?

ಅಮ್ಮ ಕೈ ಒರೆಸಿಕೊಳ್ಳುತ್ತಾ ಬಂದು ಬಾಗಿಲಲ್ಲಿ ನಿಂತರು. ಬದಿ ಮುಗಿಯುವವರೆಗೂ ಅಲ್ಲೇ ಇದ್ದರು. “ತಿರುಗಿಸಿ ಹಾಕು” ಅಂದರು.